ವಿಂಟೇಜ್ ಸ್ಪೋರ್ಟ್ಸ್ ಕಾರು ಮತ್ತು ಆಧುನಿಕ ಸಣ್ಣ ಕಾರು

ಭಾರತದಲ್ಲಿ ೨೦೨೧ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡ ಖಾಸಗಿ ವಾಹನವನ್ನು ‘ವಿಂಟೇಜ್’ ಎನ್ನಲಾಗುತ್ತದೆ. ಬ್ರಿಟನ್ನಿನ ಎಂಜಿ ಟಿಸಿ (೧೯೪೫–೧೯೪೯) ಇಂತಹ ಸ್ಪೋರ್ಟ್ಸ್ ಕಾರು. ಬೆಂಗಳೂರು–ಮೈಸೂರು ಮಾರ್ಗದ ಬಿಡದಿಯಲ್ಲಿ ತಯಾರಾದ ಟೊಯೋಟಾ ಇಟಿಯೋಸ್ ಲಿವಾ (೨೦೧೧–೨೦೨೦) ಆಧುನಿಕ ಸಣ್ಣ ಕಾರು.

ಎಂಜಿನ್: ಎರಡು ಆಸನಗಳ ಟಿಸಿಯ ೧,೨೫೦ ಸಿಸಿ ಎಂಜಿನ್ ಸುಮಾರು ೫೪ ಅಶ್ವಶಕ್ತಿಯನ್ನು ನೀಡುತ್ತಿತ್ತು. ಐದು ಆಸನಗಳ ಲಿವಾದ ೧,೧೯೭ ಸಿಸಿ ಪೆಟ್ರೋಲ್ ಎಂಜಿನ್ನಿನದು ಸುಮಾರು ೮೦. ಟಿಸಿಯಲ್ಲಿ ಎರಡು ಕಾರ್ಬ್ಯುರೇಟರ್‌ಗಳು ಪೆಟ್ರೋಲನ್ನು ಗಾಳಿಯೊಡನೆ ಬೆರೆಸುತ್ತವೆ. ಲಿವಾದಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆಯು ಇಂಧನವನ್ನು ಅಳೆದು ಚಿಮ್ಮಿಸುತ್ತದೆ.

ಸುರಕ್ಷತೆ: ಟಿಸಿಯ ಒಡಲು ಮರದ ಚೌಕಟ್ಟಿಗೆ ಲೋಹದ ತಗಡು ಹೊದಿಸಿದ್ದು, ಅದರಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಲಿವಾದ ಮುಂಭಾಗವು ಅಪಘಾತದಲ್ಲಿ ತಾನೇ ಕುಗ್ಗಿ ಆಘಾತವನ್ನು ಹೀರಿಕೊಳ್ಳುತ್ತದೆ. ಸೀಟ್ ಬೆಲ್ಟ್, ಏರ್‌ಬ್ಯಾಗ್‌ಗಳು ಪ್ರಯಾಣಿಕರನ್ನು ರಕ್ಷಿಸುತ್ತವೆ.

ಬಳಕೆ: ವಿಂಟೇಜ್ ಎಂದು ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಓಡಿಸಬಹುದೇ ಹೊರತು ನಿತ್ಯದ ಸಂಚಾರಕ್ಕಲ್ಲ. ಆದ್ದರಿಂದ ಅದರ ಮೌಲ್ಯ ಮುಖ್ಯವಾಗಿ ಚಾರಿತ್ರಿಕವಾದುದು. ಮೈಸೂರಿಗೆ ಸಮೀಪದ ಶ್ರೀರಂಗಪಟ್ಟಣದ ಬಳಿಯಿರುವ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾಲದ ಕಾರುಗಳನ್ನು ನೋಡಬಹುದು.