ಯಾಕೆ ಓದಬೇಕು ಎಂದು ಯಾರೂ ಕೇಳಲಿಲ್ಲ



ನಿಮ್ಮ ಮನೆಯಲ್ಲಿ ಹನ್ನೆರಡನೇ ತರಗತಿಯ ಮಗುವಿದ್ದರೆ ಈ ದೃಶ್ಯ ಹೊಸದಲ್ಲ. ಹೊರದೇಶದ ಕಾಲೇಜೊಂದರ ಅರ್ಜಿ ಎದುರಿಗಿದೆ. ಹೆಸರು, ವಿಳಾಸ, ಅಂಕ ಎಲ್ಲ ಹತ್ತು ನಿಮಿಷದಲ್ಲಿ ತುಂಬಿ ಆಯಿತು. ಕೊನೆಗೆ ಒಂದು ಪ್ರಶ್ನೆ: ನೀವು ನಮ್ಮ ಕಾಲೇಜಿಗೇ ಯಾಕೆ ಬರಬೇಕೆಂದಿದ್ದೀರಿ? ಅಲ್ಲಿ ಕೈ ನಿಂತುಬಿಡುತ್ತದೆ. ಅಪ್ಪ ಹೇಳುತ್ತಾರೆ, 'ಒಳ್ಳೇ ಹೆಸರಿರೋ ಕಾಲೇಜು ಅಂತ ಬರಿ.' ಅಮ್ಮ ಅಮೆರಿಕದಲ್ಲಿರುವ ಸೋದರಮಾವನಿಗೆ ಫೋನು ಹಚ್ಚುತ್ತಾರೆ. ತೊಂಬತ್ತೆಂಟು ಪರ್ಸೆಂಟ್ ತೆಗೆದ ಹುಡುಗಿ ನಾಲ್ಕು ಸಾಲು ಬರೆಯಲಾರದೆ ಕೂತಿರುತ್ತಾಳೆ.

ಅವಳ ಬುದ್ಧಿಗೆ ಮಂಕು ಕವಿದಿಲ್ಲ. ಅವಳ ಅಜ್ಜನನ್ನಾಗಲಿ ಅಪ್ಪನನ್ನಾಗಲಿ ನಮ್ಮ ಕಾಲೇಜುಗಳು ಈ ಪ್ರಶ್ನೆಯನ್ನು ಕೇಳಿದ್ದೇ ಅಪರೂಪ. ನಮ್ಮ ಅರ್ಜಿಗಳು ಕೇಳಿದ್ದೇ ಬೇರೆ. ಆ ಕಥೆಯ ದೊಡ್ಡದೊಂದು ಭಾಗ ನಡೆದದ್ದು ಇಲ್ಲೇ, ನಾವು ನೀವು ಓಡಾಡುವ ಮೈಲಾಪೂರಿನ ಸುತ್ತಮುತ್ತ.

ಲಜ್ ಚರ್ಚ್ ರಸ್ತೆಯಲ್ಲಿ ಹೋಗುವಾಗ ಒಮ್ಮೆ ನೆನಪು ಮಾಡಿಕೊಳ್ಳಿ. ಸಂವಿಧಾನದ ಕರಡು ಸಮಿತಿಯಲ್ಲಿದ್ದ ವಕೀಲ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇದ್ದದ್ದು ಆ ರಸ್ತೆಯಲ್ಲಿ. ಮದರಾಸಿನ ವಕೀಲಿಕೆಯನ್ನೂ ರಾಜಕೀಯವನ್ನೂ ಒಂದು ಕಾಲಕ್ಕೆ 'ಮೈಲಾಪೂರ್ ಗುಂಪು' ಎಂದು ಕರೆಸಿಕೊಂಡವರು ಆಳುತ್ತಿದ್ದರು. ಹೆಚ್ಚಿನವರು ಬ್ರಾಹ್ಮಣರು, ಹೆಚ್ಚಿನವರು ವಕೀಲರು. ಅದಕ್ಕೆದುರಾಗಿ 1916ರಲ್ಲಿ ಜಸ್ಟಿಸ್ ಪಕ್ಷ ಹುಟ್ಟಿತು. ಜನಸಂಖ್ಯೆಯಲ್ಲಿ ತೀರ ಚಿಕ್ಕ ಪಾಲಿನವರು ಕಾಲೇಜನ್ನೂ ಕಚೇರಿಯನ್ನೂ ತುಂಬಿಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು ಎನ್ನುವುದು ಅದರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಮೈಸೂರಿನಲ್ಲೂ ಅದೇ ಕೂಗೆದ್ದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗದೆ ಅವರು ಅಧಿಕಾರ ಬಿಟ್ಟದ್ದು ನಿಮಗೆ ಗೊತ್ತಿರುವ ಸಂಗತಿ.

ಮದರಾಸಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರದ ಹೆಸರು ಕಮ್ಯುನಲ್ ಜಿ.ಓ. ಸ್ವಾತಂತ್ರ್ಯ ಬರುವ ಹೊತ್ತಿಗೆ ಅದರ ಲೆಕ್ಕ ಹೀಗಿತ್ತು: ಪ್ರತಿ 14 ಸೀಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ನೀವು ಎಷ್ಟು ಅಂಕ ತೆಗೆದಿದ್ದೀರಿ ಎನ್ನುವ ಮೊದಲು ನೀವು ಯಾರು ಎನ್ನುವುದಕ್ಕೆ ಉತ್ತರ ಹೇಳಬೇಕು. ಆಮೇಲೆ ನಿಮ್ಮ ಸಾಲಿನವರೊಂದಿಗೆ ನಿಮ್ಮ ಪೈಪೋಟಿ.

ಇದರಲ್ಲಿ ಕನ್ನಡಿಗರ ಪಾಡೂ ಸೇರಿತ್ತು. 1950ರಲ್ಲಿ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ ಎಲ್ಲ ಮದರಾಸು ರಾಜ್ಯದಲ್ಲೇ ಇದ್ದವು. ದಕ್ಷಿಣ ಕನ್ನಡದಲ್ಲಿ ಮೆಡಿಕಲ್ ಕಾಲೇಜು ಇರಲಿಲ್ಲ. ಡಾಕ್ಟರಾಗಬೇಕೆಂದವನು ಟ್ರಂಕು ಹಿಡಿದು ಮದರಾಸಿನ ರೈಲು ಹತ್ತಬೇಕು. ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರೂ ಓದಿದ್ದು ಮದರಾಸ್ ಮೆಡಿಕಲ್ ಕಾಲೇಜಿನಲ್ಲೇ. 1953ರಲ್ಲಿ ಅವರು ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಆ ಕಡೆಯ ಮಕ್ಕಳಿಗೆ ಬೇರೆ ದಾರಿ ಕಂಡಿತು. ಅದು ಖಾಸಗಿ ಕಾಲೇಜು, ಅದರ ಕಥೆ ಬೇರೆ.

1950ರ ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂತು. ಸರ್ಕಾರಿ ಕಾಲೇಜಿನಲ್ಲಿ ಧರ್ಮ, ಜಾತಿ ಮಾತ್ರದ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಎಂದು ಅದರ 29ನೇ ವಿಧಿ ಹೇಳಿತು. ಐದು ತಿಂಗಳು ತುಂಬುವುದರೊಳಗೆ, ಜೂನ್ 7ರಂದು, ಚಂಪಕಂ ದೊರೈರಾಜನ್ ಎಂಬ ಮಹಿಳೆ ಮದರಾಸ್ ಹೈಕೋರ್ಟಿಗೆ ಹೋದರು. ತಾನು ಬ್ರಾಹ್ಮಣಳಾದ್ದರಿಂದ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಗುವುದಿಲ್ಲ ಎನ್ನುವುದು ಅವರ ದೂರು. ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನ ಸೀಟಿಗಾಗಿ ಶ್ರೀನಿವಾಸನ್ ಎಂಬ ಹುಡುಗನೂ ಹೋದ. ವಾದಿಸಲು ನಿಂತವರು ಅಲ್ಲಾಡಿ. ತಾವೇ ಕೂತು ಕರಡು ತಿದ್ದಿದ ಸಂವಿಧಾನವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವ ಯೋಗ ಎಷ್ಟು ವಕೀಲರಿಗೆ ಸಿಗುತ್ತದೆ ಹೇಳಿ!

ಜುಲೈ 27ರಂದು ಹೈಕೋರ್ಟು ಜಿ.ಓ.ವನ್ನು ತಳ್ಳಿಹಾಕಿತು. ಸರ್ಕಾರ ಮೇಲ್ಮನವಿ ಹೋಯಿತು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳೂ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿದರು.

ಈ ತೀರ್ಪನ್ನು ಮೀಸಲಾತಿಯ ಚರ್ಚೆಯಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಪೂರ್ತಿ ಓದುವವರು ಕಡಿಮೆ. ಓದಿದರೆ ಒಂದು ಕಡೆ ಥಟ್ಟನೆ ನಿಲ್ಲುತ್ತೀರಿ. ಚಂಪಕಂ ಅವರು ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ವಿಚಾರಿಸಿದಾಗ ಸೀಟು ಸಿಗುವುದಿಲ್ಲವೆಂದು ಗೊತ್ತಾಯಿತು, ಅದಕ್ಕೇ ಹಾಕಲಿಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಸರ್ಕಾರ ಈ ಬಗ್ಗೆ ತಕರಾರು ತೆಗೆಯಲಿಲ್ಲ. ಅವರು ಗೆದ್ದರೆ ಒಂದು ಸೀಟು ಇಟ್ಟಿರುತ್ತೇವೆ ಎಂದೂ ಒಪ್ಪಿಕೊಂಡಿತ್ತು. ಸುಪ್ರೀಂ ಕೋರ್ಟು ಮಾತ್ರ, ಅರ್ಜಿ ಹಾಕದವರು ಹೀಗೆ ದೂರು ತರುವುದನ್ನು ನಾವು ಮೆಚ್ಚುತ್ತೇವೆಂದು ಯಾರೂ ಭಾವಿಸಬಾರದು ಎಂಬರ್ಥದ ಒಂದು ಎಚ್ಚರಿಕೆ ಸೇರಿಸಿ ಮುಂದೆ ಹೋಯಿತು.

ಆಕೆಗೆ ಡಾಕ್ಟರಾಗುವ ಆಸೆ ಯಾಕೆ ಬಂತು? ತೀರ್ಪಿನಲ್ಲಿ ಅದರ ಸುಳಿವಿಲ್ಲ. ಶ್ರೀನಿವಾಸನ್ ಬಗ್ಗೆ ಉಳಿದಿರುವುದು ಅವನ ಅಂಕ: 450ಕ್ಕೆ 369. ಸೇತುವೆ ಕಟ್ಟಬೇಕೆಂದಿದ್ದನೋ, ಸರ್ಕಾರಿ ಕೆಲಸ ಸಾಕೆಂದಿದ್ದನೋ ತಿಳಿಯದು. ಹಾಗೆಯೇ ಈ ಜಿ.ಓ. ದೆಸೆಯಿಂದ ಮನೆಯಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳ ಆಸೆಯೂ ಯಾವ ಕಡತದಲ್ಲೂ ಇಲ್ಲ. ಆ ತೀರ್ಪಿನ ದಿನ ಅವರ ಮನೆಗಳಲ್ಲಿ ಏನಾಗಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ತಮಿಳುನಾಡಿನಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಜೂನ್ 18ಕ್ಕೆ ಸಂವಿಧಾನದ ಮೊದಲ ತಿದ್ದುಪಡಿಯೇ ಬಂದು, ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಡುವ 15(4)ನೇ ವಿಧಿ ಸೇರಿತು. ಅದು ಬರಲೇಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ನಮ್ಮಲ್ಲಿ ಯಾರೂ 'ಯಾಕೆ' ಎಂದು ಕೇಳಿಯೇ ಇಲ್ಲವೇ? ಕೇಳಿದರು. ಕಾಗದದ ಮೇಲಲ್ಲ, ಬಾಯಲ್ಲಿ. ಇಲ್ಲಿ ನಮ್ಮ ಮೈಸೂರು ರಾಜ್ಯಕ್ಕೇ ಹೋಗಬೇಕು. 1963ರಲ್ಲಿ ಅಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಂದರ್ಶನ ಇಟ್ಟರು. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇಕಡಾ 25ರಷ್ಟು ಅಂಕ ಅದಕ್ಕೆ. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್.ಸಿ.ಸಿ., ಆಟ, ನಾಟಕ, ಚರ್ಚಾಸ್ಪರ್ಧೆ, ಸಮಾಜಸೇವೆ ಎಲ್ಲಕ್ಕೂ ಅಂಕ. ಇಂದಿನ ಅಮೆರಿಕದ ಅರ್ಜಿಯನ್ನೇ ಓದಿದ ಹಾಗಿಲ್ಲವೇ? ಸೀಟು ತಪ್ಪಿದವರು ಕೋರ್ಟಿಗೆ ಹೋದರು. 1964ರ ಜನವರಿಯಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂದರ್ಶನ ನಡೆಸುವುದು ತಪ್ಪಲ್ಲ ಎಂದಿತು. ಬರೇ ಅಂಕದಿಂದ ಮನುಷ್ಯನನ್ನು ಅಳೆಯಲಾಗದು ಎನ್ನುವ ವಾದಕ್ಕೆ ಅಂದು ಬೆಲೆ ಸಿಕ್ಕಿತು.

ಆದರೆ ವಾದ ಚೆನ್ನಾಗಿದ್ದರೆ ಸಾಲದಲ್ಲ. ಕೋಣೆಯೊಳಗೆ ನಡೆಯುವುದು ಬೇರೆ. ನಮ್ಮ ಕಡೆ ಸಂದರ್ಶನ ಎಂದಕೂಡಲೇ ಮನೆಯವರು ಹುಡುಕುತ್ತಿದ್ದದ್ದು ಹೊಸ ಷರ್ಟು ಮತ್ತು ವಶೀಲಿ. ಯಾರಿಗೆ ಯಾರ ಪರಿಚಯ, ಯಾವ ಮಂತ್ರಿಯ ಚೀಟಿ, ಇದೇ ಮಾತು. ಮತ್ತೆ ತಮಿಳುನಾಡಿಗೆ ಬನ್ನಿ. 1970ರಲ್ಲಿ ಇಲ್ಲಿನ ಮೆಡಿಕಲ್ ಕಾಲೇಜುಗಳ ಆಯ್ಕೆಯಲ್ಲಿ ಸಂದರ್ಶನಕ್ಕೆ 75 ಅಂಕ ಇಟ್ಟಿದ್ದರು. ಮದರಾಸು ನಗರದ ಕಾಲೇಜುಗಳೆಲ್ಲ ಸೇರಿ ಒಂದು ಘಟಕ, ಉಳಿದ ಊರುಗಳದ್ದು ಒಂದೊಂದು ಘಟಕ. ಪೆರಿಯಕರುಪ್ಪನ್ ಎಂಬ ವಿದ್ಯಾರ್ಥಿಯ ಪ್ರಕರಣ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹೊರಬಿದ್ದ ಲೆಕ್ಕ: ಒಬ್ಬೊಬ್ಬ ಅಭ್ಯರ್ಥಿಗೆ ಸಿಕ್ಕಿದ್ದು ಸರಾಸರಿ ಮೂರು ನಿಮಿಷ. ಮೂರು ನಿಮಿಷದಲ್ಲಿ ವುಡ್‌ಲ್ಯಾಂಡ್ಸಿನಲ್ಲಿ ಕಾಫಿ ಕೂಡ ಬರುವುದಿಲ್ಲ. ಅಷ್ಟರಲ್ಲಿ ಹುಡುಗನ ಒಲವು, ಸಾಮರ್ಥ್ಯ, ದೇಹದಾರ್ಢ್ಯ ಎಲ್ಲಕ್ಕೂ ಅಂಕ ಬಿದ್ದಿತ್ತು. ನ್ಯಾಯಾಲಯ ಆ ಆಯ್ಕೆಯನ್ನು ಒಪ್ಪಲಿಲ್ಲ. 1980ರಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲೂ ಇದೇ ಎರಡು ಮೂರು ನಿಮಿಷದ ಕಥೆ. ಸಂದರ್ಶನದ ಪಾಲು ಶೇಕಡಾ 15 ದಾಟಬಾರದು ಎಂದು ಕೋರ್ಟು ಗೆರೆ ಎಳೆಯಿತು.

ಆಮೇಲೆ ಬಂದದ್ದು ರ‍್ಯಾಂಕಿನ ಕಾಲ. ತಮಿಳುನಾಡಿನಲ್ಲಿ 1984ರಿಂದ ಪ್ರವೇಶ ಪರೀಕ್ಷೆ, ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ. ತಮಿಳುನಾಡು 2007ರ ಕಾಯಿದೆಯಿಂದ ಪ್ರವೇಶ ಪರೀಕ್ಷೆ ತೆಗೆದು ಹನ್ನೆರಡನೆಯ ತರಗತಿಯ ಅಂಕಕ್ಕೇ ಮರಳಿತು. ಮೆಡಿಕಲ್‌ಗೆ 2017ರಿಂದ ನೀಟ್ ಬಂತು. ಬಡವರ ಮಕ್ಕಳಿಗೆ ಯಾವುದು ನ್ಯಾಯ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಕಂಪ್ಯೂಟರಿಗೆ ವಶೀಲಿ ನಡೆಯುವುದಿಲ್ಲ, ಅದು ದೊಡ್ಡ ಲಾಭ. ನೀನು ಯಾಕೆ ಬಂದೆ ಎಂದೂ ಅದು ಕೇಳುವುದಿಲ್ಲ.

ಅಮೆರಿಕದವರು ಕೇಳುತ್ತಾರಲ್ಲ, ಅವರು ನಮಗಿಂತ ಉದಾರಿಗಳು ಎಂದುಕೊಳ್ಳಬೇಡಿ. ಅಲ್ಲೂ ಶತಮಾನದ ಹಿಂದೆ ಪ್ರವೇಶ ಪರೀಕ್ಷೆಯ ಅಂಕವೇ ಮುಖ್ಯವಾಗಿತ್ತು. ಹಾಗಾಗಿ ವಲಸೆ ಬಂದ ಯಹೂದಿ ಮನೆಗಳ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದರು. 1922ರ ಹೊತ್ತಿಗೆ ಹಾರ್ವರ್ಡಿನಲ್ಲಿ ಅವರು ಐದರಲ್ಲೊಂದು ಪಾಲು ದಾಟಿದ್ದರು. ಅಧ್ಯಕ್ಷ ಲೊವೆಲ್ ಇದಕ್ಕೆ ಮಿತಿ ಹಾಕಲು ಹೊರಟರು. ಬಹಿರಂಗ ಕೋಟಾ ಒಪ್ಪಿಗೆಯಾಗಲಿಲ್ಲ. ಅರ್ಜಿ ನಮೂನೆ ಉದ್ದವಾಯಿತು. ಜನಾಂಗ ಯಾವುದು, ತಾಯಿಯ ತವರಿನ ಹೆಸರೇನು, ಅಪ್ಪ ಹೆಸರು ಬದಲಿಸಿಕೊಂಡಿದ್ದಾರೆಯೇ ಎಂದೆಲ್ಲ ಕೇಳಿದರು. 1926ರ ವೇಳೆಗೆ 'ನಡತೆ, ವ್ಯಕ್ತಿತ್ವ' ಎಂಬ ಅಳತೆಗೋಲು ಬಲವಾಯಿತು. ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕ ಈ ಇತಿಹಾಸವನ್ನು ದಾಖಲೆ ಸಹಿತ ಬಿಚ್ಚಿಟ್ಟಿದೆ. ಮದರಾಸಿನ ಜಿ.ಓ. ಹಿಂದೆ ಬಿದ್ದವರನ್ನು ಒಳಗೆ ತರಲು ಎದುರಿಗೇ ಜಾತಿ ಕೇಳಿತು. ಹಾರ್ವರ್ಡ್ ಮುಂದೆ ಬಂದವರನ್ನು ಹೊರಗಿಡಲು ವ್ಯಕ್ತಿತ್ವ ಕೇಳಿತು. ನಿಮ್ಮ ಮಗಳ ಕೈ ತಡೆದ ಆ ಪ್ರಶ್ನೆಯ ವಂಶದಲ್ಲಿ ಇದೂ ಇದೆ.

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು, ಪ್ರವೇಶದಲ್ಲಿ ಜನಾಂಗ ನೋಡುವ ಹಾರ್ವರ್ಡಿನ ಪದ್ಧತಿಯನ್ನು ರದ್ದು ಮಾಡಿತು. ಆದರೆ ತನ್ನ ಜನಾಂಗದಿಂದ ತನ್ನ ಬಾಳು ಹೇಗೆ ರೂಪುಗೊಂಡಿತೆಂದು ವಿದ್ಯಾರ್ಥಿಯೇ ಬರೆದರೆ ಅದನ್ನು ಓದಲು ಅಡ್ಡಿಯಿಲ್ಲ ಎಂದಿತು. ಹೀಗಾಗಿ ಕಾಲಂನಲ್ಲಿದ್ದದ್ದು ಪ್ರಬಂಧಕ್ಕೆ ಬಂದು ಕೂತಿದೆ.

ನಿಮ್ಮ ಮಗಳ ಆ ಖಾಲಿ ಜಾಗದ ಮಾತಿಗೇ ಬರೋಣ. ಸೋದರಮಾವನಿಗೆ ಫೋನು ಮಾಡುವ ಮೊದಲು ಮನೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿಸಿ. ಅವರು ಯಾವ ಊರಿನಿಂದ, ಯಾವ ರೈಲು ಹತ್ತಿ, ಏನನ್ನು ಓದಲು ಬಂದರು? ಓದಲು ಸಿಕ್ಕಿದ್ದು ಅದೇನೋ, ಬೇರೆಯೋ? ಒಳ್ಳೇ ಹೆಸರಿರುವ ಕಾಲೇಜು ಎನ್ನುವ ಸಾಲಿಗಿಂತ ಅಲ್ಲಿ ಹೆಚ್ಚು ಸಿಗುತ್ತದೆ.

ಇನ್ನೊಂದು ಕೋರಿಕೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮದರಾಸಿನಲ್ಲೋ ಆ ಸಂದರ್ಶನದ ಕೋಣೆಯೊಳಗೆ ಕೂತು ಬಂದವರು ನಮ್ಮ ಕೇಳುಗರಲ್ಲಿ ಖಂಡಿತ ಇರುತ್ತೀರಿ. ನಿಮ್ಮನ್ನು ಏನು ಕೇಳಿದರು, ನೀವು ಏನೆಂದಿರಿ, ಎಷ್ಟು ನಿಮಿಷ ಸಿಕ್ಕಿತು ಎಂದು ಒಂದು ಪುಟ ಬರೆದು ಕಳಿಸಿ. ಕನ್ನಡ ಹೊತ್ತಿನಲ್ಲಿ ಓದುತ್ತೇವೆ.