ಪೆಸಿಫಿಕಾ ರೇಡಿಯೋ
ಕೇಳುಗರ ವಂತಿಗೆಯಿಂದ ನಡೆಯುವ ಅಮೆರಿಕದ ಬಾನುಲಿ ಜಾಲ. ಯುದ್ಧವಿರೋಧಿ ಲೂಯಿಸ್ ಹಿಲ್ 1946ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ ಮೊದಲ ಕೇಂದ್ರ ಕೆಪಿಎಫ್‌ಎ, ಬರ್ಕ್ಲಿಯಲ್ಲಿ 1949ರ ಏಪ್ರಿಲ್ 15ರಂದು ಪ್ರಸಾರ ಆರಂಭಿಸಿತು. ಅನಂತರ ಲಾಸ್ ಏಂಜಲಿಸ್, ನ್ಯೂಯಾರ್ಕ್, ಹ್ಯೂಸ್ಟನ್, ವಾಷಿಂಗ್ಟನ್ ಕೇಂದ್ರಗಳು ಸೇರಿಕೊಂಡವು. ಹ್ಯೂಸ್ಟನ್ ಕೇಂದ್ರದ ಪ್ರೇಷಕಕ್ಕೆ 1970ರಲ್ಲಿ ಎರಡು ಬಾರಿ ಬಾಂಬ್ ಇಡಲಾಗಿತ್ತು.

ಈ ಜಾಲದ ವೈಶಿಷ್ಟ್ಯ ಚುನಾವಣೆಯ ಹೊತ್ತಿನಲ್ಲಿ ಕಾಣುತ್ತದೆ. ಅಮೆರಿಕದಲ್ಲಿ ಮತ ಎಣಿಕೆ ರಾಜ್ಯ ಮತ್ತು ಕೌಂಟಿಗಳ ಕೆಲಸ. ಇಡೀ ದೇಶದ ಫಲಿತಾಂಶ ಪ್ರಕಟಿಸಲು ಭಾರತದಲ್ಲಿರುವಂಥ ಚುನಾವಣಾ ಆಯೋಗ ಅಲ್ಲಿಲ್ಲ. ಹಾಗಾಗಿ ಮತದಾನದ ರಾತ್ರಿ ಗೆದ್ದವರಾರೆಂದು ಹೇಳುವುದು ಸುದ್ದಿಸಂಸ್ಥೆಗಳೇ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ದೊಡ್ಡ ಟಿವಿ ವಾಹಿನಿಗಳು ಫ್ಲಾರಿಡಾವನ್ನು ಮೊದಲು ಗೋರ್‌ಗೆ, ಆಮೇಲೆ ಬುಷ್‌ಗೆ ಕೊಟ್ಟು, ಎರಡನ್ನೂ ಹಿಂಪಡೆದು ನಗೆಪಾಟಲಾದವು. ಅಧಿಕೃತ ಅಂತರ ಬರೀ 537 ಮತ! ಇಂಥ ಅವಸರದಲ್ಲಿ ಪೆಸಿಫಿಕಾ ಅವುಗಳಿಗೆ ಸಾಟಿಯಲ್ಲ. ಅದರ ಬಲ ಪ್ರಶ್ನೆ ಕೇಳುವುದರಲ್ಲಿದೆ. ಅದೇ ಮತದಾನದ ದಿನ, ಮತ ಹಾಕಿರೆಂದು ಕೇಳುಗರಿಗೆ ಹೇಳಲು ನ್ಯೂಯಾರ್ಕ್ ಕೇಂದ್ರಕ್ಕೆ ಫೋನ್ ಮಾಡಿದ ಅಧ್ಯಕ್ಷ ಕ್ಲಿಂಟನ್‌ರನ್ನು ಪೆಸಿಫಿಕಾದ ಪತ್ರಕರ್ತೆ ಆಮಿ ಗುಡ್‌ಮನ್ ಸುಮಾರು ಅರ್ಧ ಗಂಟೆ ಹಿಡಿದು ನಿಲ್ಲಿಸಿದರು. ಅವರ ‘ಡೆಮಾಕ್ರಸಿ ನೌ!’ 1996ರಲ್ಲಿ ಪೆಸಿಫಿಕಾದಲ್ಲಿಯೇ ಚುನಾವಣಾ ಕಾರ್ಯಕ್ರಮವಾಗಿ ಹುಟ್ಟಿದ್ದು. ಜಾಲದೊಳಗಿನ ಜಗಳಗಳ ಬಳಿಕ, 2002ರಿಂದ ಅದು ಪ್ರತ್ಯೇಕ ಸಂಸ್ಥೆ.