ಬಾಂದಿನ ಕಲ್ಲು, ಬರಹದ ಕಲ್ಲು

ಮೂವತ್ತನಾಲ್ಕು ವರ್ಷ ನಾನು ಕಲ್ಲು ಹುಡುಕಿ ಸಂಬಳ ತೆಗೆದುಕೊಂಡವನು. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದೆ. ಹದ್ದುಬಸ್ತಿಗೆ ಅರ್ಜಿ ಬಂದರೆ ಟಿಪ್ಪಣಿ, ಗ್ರಾಮ ನಕಾಶೆ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುವುದು, ಊರಲ್ಲಿ ಇಳಿದು ಮೊದಲು ಹಳೇ ಬಾಂದು ಕಲ್ಲು ಎಲ್ಲಿದೆ ಎಂದು ಕೇಳುವುದು. ಒಂದು ಮೂಲೆಯ ಕಲ್ಲು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಅಲ್ಲಿಂದ ಚೈನು ಎಳೆಯಬಹುದು. ನಮ್ಮ ಚೈನು 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲವಿದ್ದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಕಲ್ಲು ಜಾಗ ಬಿಟ್ಟು ಕದಲಿದ್ದರೆ ಇಷ್ಟೂ ಲೆಕ್ಕ ಸುಳ್ಳಾಗುತ್ತದೆ. ಕಿತ್ತು ಪಕ್ಕಕ್ಕಿಟ್ಟ ಬಾಂದು ಕಲ್ಲು ಎಷ್ಟೇ ಚೆನ್ನಾಗಿದ್ದರೂ ಅದು ಬರೀ ಕಲ್ಲು.

1988ರಲ್ಲಿ ಬೆಂಗಳೂರಿನ ಪೂರ್ವಕ್ಕಿದ್ದ ಒಂದು ಹಳ್ಳಿಗೆ ಅಳತೆಗೆ ಹೋಗಿದ್ದೆ. ಕೆರೆ ಏರಿಯ ಕೆಳಗೆ, ತೂಬಿನಿಂದ ಸ್ವಲ್ಪ ದೂರದಲ್ಲಿ, ಎದೆಮಟ್ಟದ ಒಂದು ಚಪ್ಪಡಿ ನಿಂತಿತ್ತು. ಮೇಲ್ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಸಾಲು ಸಾಲು ಅಕ್ಷರ, ಅದರ ಮೇಲೆ ಕುಂಕುಮ, ಎಣ್ಣೆಯ ಜಿಡ್ಡು. ಚೈನಿನ ತುದಿ ಹಿಡಿದಿದ್ದ ನೀರಗಂಟಿ, "ಅದು ಬರಹದ ಕಲ್ಲು ಸ್ವಾಮಿ, ನಮ್ ತಾತನ ಕಾಲದಿಂದ್ಲೂ ಅಲ್ಲೇ ಐತೆ, ಅದ್ರ ತಂಟೆ ಬ್ಯಾಡಿ" ಅಂದ. ನನ್ನ ಕೆಲಸಕ್ಕೆ ಅದು ಬೇಕಿರಲಿಲ್ಲ. ಆದರೂ ಅಭ್ಯಾಸಬಲದಿಂದ ಪುಸ್ತಕದಲ್ಲಿ ಚಿಕ್ಕ ತ್ರಿಕೋನ ಹಾಕಿ, "ಬರಹದ ಕಲ್ಲು" ಎಂದು ಬರೆದು, ತೂಬಿನಿಂದ ಎಷ್ಟು ಚೈನು ಎಂದು ಗುರುತು ಮಾಡಿಕೊಂಡೆ. ಮುಂದೆ ಅಲ್ಲಿ ಬಡಾವಣೆ ಬಂತು. 2004ರಲ್ಲಿ ಮದುವೆಯೊಂದಕ್ಕೆ ಆ ಕಡೆ ಹೋದಾಗ ಹುಡುಕಿದೆ. ಏರಿ ರಸ್ತೆಯಾಗಿತ್ತು. ತೂಬು ಯಾವ ಕಡೆ ಇತ್ತು ಎಂದು ಹೇಳುವವರೇ ಇರಲಿಲ್ಲ. ಆ ಕಲ್ಲಿನ ಮುಂದೆ ನಿಂತಿದ್ದೆ, ಅದು ಏನು ಹೇಳುತ್ತಿದೆ ಎಂದು ಕೇಳದೆ ಬಂದೆ ಎಂಬ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಿವೃತ್ತನಾದ ಮೇಲೆ ನನ್ನನ್ನು ಈ ದಾರಿಗೆ ಹಚ್ಚಿದವರು ನಮ್ಮ ಬೀದಿಯ ಕನ್ನಡ ಮೇಷ್ಟ್ರು. ಅಗರದ ಶಾಸನದ ಪಾಠವನ್ನು ನನ್ನ ಮುಂದಿಟ್ಟು ಒಂದೊಂದೇ ಪದ ಬಿಡಿಸಿದರು. ಕಾಲ ಸುಮಾರು ಕ್ರಿ.ಶ. 870, ಗಂಗರ ಆಳ್ವಿಕೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಮೂರೂ ಕೆರೆಯ ಬಿತ್ತುವಟ್ಟವನ್ನು ಪಡೆದ. ಬಿತ್ತುವಟ್ಟ ಎಂದರೇನು ಎಂದು ಕೇಳಿದೆ. ಕೆರೆ ಕಟ್ಟಿಸಿದವನಿಗೆ ಅದರ ನೀರಿನಲ್ಲಿ ಬೆಳೆಯುವ ನೆಲದಿಂದ ಸಲ್ಲುವ ಪಾಲು ಎಂದರು ಮೇಷ್ಟ್ರು. ನನಗೆ ಮೈ ಜುಮ್ಮೆಂದಿತು. ಇದು ಪಹಣಿಯಲ್ಲವೇ! ಯಾರು, ಯಾವ ಕೆರೆ, ಯಾವ ದಿಕ್ಕು, ಯಾವ ಹಕ್ಕು, ಯಾರ ಆಳ್ವಿಕೆ, ಎಲ್ಲವೂ ಇದೆ. ನಾನು ಕಾಗದದ ಮೇಲೆ ಮಾಡುತ್ತಿದ್ದ ಕೆಲಸವನ್ನು ಸಾವಿರದ ನೂರೈವತ್ತು ವರ್ಷದ ಹಿಂದೆ ಯಾರೋ ಉಳಿ ಹಿಡಿದು ಮಾಡಿದ್ದರು. ಬೆಂಗಳೂರು ಕೆರೆಗಳ ಊರು ಎಂದು ನಾವು ಬಾಯಿಮಾತಿನಲ್ಲಿ ಹೇಳುವುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಯಾವುದಿದೆ?

ಅಲ್ಲಿಂದ ಮುಂದೆ ಶಾಸನದ ಪದಗಳು ನನಗೆ ನೆಂಟರಂತೆ ಕಾಣತೊಡಗಿದವು. ಗದ್ದೆ, ಬೆದ್ದಲು, ಖಂಡುಗ, ಕೊಳಗ, ಮೂಡಲು, ಪಡುವಲು. ಯುದ್ಧದಲ್ಲಿ ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿ ಕಲ್ನಾಡು. ಕೆಲವು ಕಡೆ ಅದನ್ನೇ ನೆತ್ತರುಗೊಡಗೆ ಎಂದಿದ್ದಾರೆ. ನೆತ್ತರಿಗೆ ಕೊಟ್ಟ ಕೊಡುಗೆ. ಆ ಪದವನ್ನು ಮೊದಲ ಸಲ ಕೇಳಿದ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಹಳೆಯ ಇನಾಂ ರಿಜಿಸ್ಟರುಗಳಲ್ಲಿ "ಕೆರೆ ಕೊಡಗಿ" ಎಂಬ ಬಾಬು ಇರುತ್ತಿತ್ತು. ಕೆರೆಯನ್ನು ನೋಡಿಕೊಳ್ಳುವ ಕರಾರಿನ ಮೇಲೆ ಕಡಿಮೆ ಕಂದಾಯಕ್ಕೆ ಬಿಟ್ಟ ಜಮೀನು ಅದು. ಆ ಕೊಡಗಿ, ಶಾಸನದ ಕೊಡಗೆ ಎರಡೂ ಒಂದೇ ಬೇರು. ರಾಜರು ಹೋದರು, ಪಾಳೆಯಗಾರರು ಹೋದರು, ಕಂಪನಿಯವರು ಬಂದು ಹೋದರು, ಆ ಪದ ಮಾತ್ರ ಶ್ಯಾನುಭೋಗರ ಕಡತದೊಳಗೆ ಉಸಿರಾಡುತ್ತಲೇ ಇತ್ತು.

ಬೇಗೂರಿಗೆ ನಾನು ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇನೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಆ ಕಲ್ಲು ನೋಡಲು ದೊಡ್ಡದೇನಲ್ಲ. ಅದರಲ್ಲಿ "ಬೆಂಗುಳೂರ ಕಾಳೆಗ" ಎಂಬ ಮಾತಿದೆ. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಒಬ್ಬ ಸತ್ತ ಎಂಬ ಸುದ್ದಿ. ಕಾಲ ಸುಮಾರು ಕ್ರಿ.ಶ. 890. ಹೊಯ್ಸಳ ಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ, ಮುದುಕಿ ಕೊಟ್ಟ ಬೆಂದ ಕಾಳು ತಿಂದು ಊರಿಗೆ ಬೆಂದಕಾಳೂರು ಎಂದು ಹೆಸರಿಟ್ಟ ಎಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆ ಬಲ್ಲಾಳ ಹುಟ್ಟುವ ಇನ್ನೂರಕ್ಕೂ ಹೆಚ್ಚು ವರ್ಷ ಮುಂಚೆಯೇ ಊರಿಗೆ ಈ ಹೆಸರಿತ್ತು ಎಂದು ಬೇಗೂರಿನ ಕಲ್ಲು ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಪೇಟೆ, ಕೋಟೆ ಕಟ್ಟಿದ್ದು ನಿಜ, ಅದು ದೊಡ್ಡ ಕೆಲಸ. ಆದರೆ ಅವರು ಖಾಲಿ ಬಯಲಿನಲ್ಲಿ ಕಟ್ಟಲಿಲ್ಲ. ಹೆಸರಿದ್ದ, ಕೆರೆಯಿದ್ದ, ತೂಬಿದ್ದ, ಸತ್ತವರಿಗೆ ಕಲ್ಲು ನಿಲ್ಲಿಸಿಕೊಂಡ ನಾಡಿನ ನಡುವೆ ಕಟ್ಟಿದರು.

ಬೇಗೂರಿನದೇ ಇನ್ನೊಂದು ಕಲ್ಲು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿದ್ದ ಆಳು, ಬಾಣ ಹೂಡಿದವನು, ಇಡೀ ಯುದ್ಧವೇ ಅಲ್ಲಿ ಕಿಕ್ಕಿರಿದಿದೆ. ನಾಗತ್ತರ ಎಂಬ ನಾಯಕ ತುಂಬೆಪಾಡಿಯ ಯುದ್ಧದಲ್ಲಿ ಸತ್ತದ್ದು, ಗಂಗ ದೊರೆ ಎರೆಯಪ್ಪ ಆ ಬಳಿಕ ಇರುಗ ಎಂಬವನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟದ್ದು ಅದರಲ್ಲಿದೆ. ಬೆಂಪೂರೇ ಈಗಿನ ಬೇಗೂರು. ಸೇರಿದ ಊರುಗಳ ಹೆಸರಿನ ಪಟ್ಟಿಯೂ ಇದೆ: ನಲ್ಲೂರು, ಇಗ್ಗಲೂರು, ಹೀಗೆ. ನಾನು ಆ ಕಲ್ಲಿನ ಮುಂದೆ ಅರ್ಧ ದಿನ ಕೂತಿದ್ದೇನೆ. ಮಳೆ ಬಿಸಿಲು ತಾಗದಂತೆ ಕಾಪಾಡಿದವರಿಗೆ ಕೈಮುಗಿಯುತ್ತೇನೆ, ಅದು ಹೊರಗಿದ್ದರೆ ಏನಾಗುತ್ತಿತ್ತೋ. ಆದರೂ ಒಬ್ಬ ಅಳತೆಗಾರನಾಗಿ ಹೇಳುತ್ತೇನೆ, ಶಾಸನದ ಅರ್ಧ ಅರ್ಥ ಅದು ನಿಂತ ಜಾಗದಲ್ಲಿರುತ್ತದೆ. ಈ ಏರಿ, ಈ ತೂಬು, ಈ ಗದ್ದೆ ಎಂದು ಅದು ಬೆರಳು ಮಾಡಿ ತೋರಿಸುತ್ತಿರುತ್ತದೆ. ಎತ್ತಿಕೊಂಡು ಹೋದರೆ ಮಾತು ಉಳಿಯುತ್ತದೆ, ಬೆರಳು ಹೋಗುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಲ್ಲನ್ನು ಎತ್ತಬೇಕು, ಎತ್ತುವ ಮುಂಚೆ ಎಲ್ಲಿತ್ತು ಎಂಬುದನ್ನು ಅಡಿ ಅಂಗುಲದ ಲೆಕ್ಕದಲ್ಲಿ ಬರೆದಿಡಬೇಕು.

ಇದನ್ನು ಚೆನ್ನಾಗಿ ಅರಿತವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಮಿಷನರಿಯೊಬ್ಬರ ಮಗ. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಕಲ್ಲುಗಳ ಮೇಲೆ ಕಣ್ಣು ಬಿತ್ತು, ಮುಂದೆ ಅದೇ ಬದುಕಾಯಿತು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೇ ಸಂಪುಟ 1905ರಲ್ಲಿ ಬಂತು. ಅದು ಬೆಂಗಳೂರು ಜಿಲ್ಲೆಯದು. ತಾಲ್ಲೂಕುವಾರು ಪ್ರತಿ ಶಾಸನಕ್ಕೂ ನಂಬರು, ಕನ್ನಡ ಲಿಪಿಯಲ್ಲಿ ಪಾಠ, ಇಂಗ್ಲಿಷಿನಲ್ಲಿ ಅನುವಾದ. ನನಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಪಾಠದ ತಲೆಯ ಮೇಲಿನ ಒಂದು ಸಾಲು. ಯಾವ ಊರು, ಊರಿನ ಯಾವ ದಿಕ್ಕು, ಯಾರ ಹೊಲ, ಯಾವ ಗುಡಿಯ ಮುಂದೆ. ಆ ಒಂದು ಸಾಲನ್ನು ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟರೆ ಹುಡುಕಾಟ ಶುರುಮಾಡಬಹುದು. ಹೊಲದ ಒಡೆಯ ಬದಲಾಗಿರುತ್ತಾನೆ, ಹೊಲ ಬಡಾವಣೆಯಾಗಿರುತ್ತದೆ, ಗುಡಿ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಗುಡಿಯಿಂದ ಟೇಪು ಹಿಡಿದು ಹೊರಟರೆ ಒಮ್ಮೊಮ್ಮೆ ಮೋರಿಯ ಮೇಲೆ ಹಾಸಿದ ಚಪ್ಪಡಿಯ ಅಡಿಗೆ, ಒಮ್ಮೊಮ್ಮೆ ಯಾರದೋ ಬಚ್ಚಲಿನ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ನಿಲ್ಲುತ್ತೇವೆ. ಹಲವು ಸಲ ಏನೂ ಸಿಗುವುದಿಲ್ಲ.

ಎಲ್ಲ ಕಲ್ಲೂ ಕನ್ನಡದ್ದೇ ಅಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಗೋಡೆ, ಕಂಬಗಳ ಮೇಲೆ ತಮಿಳು ಬರಹವಿದೆ. ಅದರಲ್ಲಿ ಊರಿನ ಹೆಸರು ತೊಂಬಲೂರು. ವಿಣ್ಣಮಂಗಲದ ಕೆರೆಯನ್ನು ಗುಡಿಗೆ ಬಿಟ್ಟ ಮಾತು ಬರುತ್ತದೆ. ಇಂದಿರಾನಗರದ ಮಗ್ಗುಲಲ್ಲಿ ನಾವು ಈಗ ಬಿನ್ನಮಂಗಲ ಎನ್ನುವುದು ಅದನ್ನೇ. ಮಡಿವಾಳದ ಸೋಮೇಶ್ವರನ ಗುಡಿಯಲ್ಲಿ 13ನೇ ಶತಮಾನದ ತಮಿಳು ಶಾಸನ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ಮಾತಾಡುತ್ತದೆ. ಯಾವ ಭಾಷೆ ಎಂದು ಜಗಳಕ್ಕೆ ನಿಲ್ಲುವವರನ್ನು ನೋಡಿದರೆ ನನಗೆ ನೋವಾಗುತ್ತದೆ. ಬರೆಸಿದವರಿಗೆ ಬೇಕಾಗಿದ್ದದ್ದು ಕೆರೆ, ನೆಲ, ದೀಪಕ್ಕೆ ಎಣ್ಣೆ.

ರೈಸರ ಕಣ್ಣಿಗೆ ಬೀಳದವೂ ಇವೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಪೆರ್ಬೊಳಲ್ನಾಡು ಮೂವತ್ತರ ಮೇಲೆ ರಟ್ಟವಾಡಿಯವರು ಬಂದಾಗ ಕಾದಿ ಸತ್ತವನು ಈ ಕಿತ್ತಯ್ಯ. ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳವಾಯಿತು. ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣಕ್ಕೆ ಓಡುವ ಲಕ್ಷಾಂತರ ಜನರ ಬಾಯಲ್ಲಿ ದಿನವೂ ಬರುವ ಹೆಸರು ಹನ್ನೆರಡು ಶತಮಾನಕ್ಕೂ ಹಳೆಯದು. ಬೆಂಗಳೂರಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನ ಅದೇ. ಜನರೇ ಹಣ ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿದ್ದಾರೆ. ಅಲ್ಲಿ ಹೋದಾಗಲೆಲ್ಲ ಹೂವಿನ ಒಂದು ಎಳೆ ಇಟ್ಟು ಬರುತ್ತೇನೆ.

ಕಲ್ಲಿಗೆ ಶತ್ರುಗಳು ಹಲವರು. ಕೆಳಗೆ ನಿಧಿ ಇದೆ ಎಂದು ನಂಬಿ ಒಡೆಯುವವರದು ಒಂದು ಕಾಟ. ಶಾಸನದ ಕೊನೆಯಲ್ಲಿ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರಲಿ ಎಂಬ ಶಾಪ ಇರುತ್ತದೆ. ಓದಲು ಬಾರದವನಿಗೆ ಶಾಪ ತಟ್ಟುವುದು ಹೇಗೆ? ಪ್ರೀತಿಯಿಂದ ಹಾಳುಮಾಡುವವರದು ಇನ್ನೊಂದು ಕಾಟ. ಅಕ್ಷರ ಎದ್ದು ಕಾಣಲಿ ಎಂದು ಆಯಿಲ್ ಪೇಂಟ್ ಬಳಿಯುತ್ತಾರೆ, ಗುಂಡಿಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಎಲ್ಲಕ್ಕಿಂತ ಮೌನವಾಗಿ ಕೊಲ್ಲುವುದು ರಸ್ತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ನೆಲ ಏರುತ್ತಾ ಹೋಗುತ್ತದೆ, ಎದೆಮಟ್ಟದ ಕಲ್ಲು ಮೊಣಕಾಲಿಗೆ ಇಳಿಯುತ್ತದೆ, ಕೊನೆಗೆ ಸೂರ್ಯ ಚಂದ್ರ ಮಾತ್ರ ಮೇಲೆ ಉಳಿಯುತ್ತವೆ.

ಓದಲು ಪಡಿಯಚ್ಚು ತೆಗೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಲ್ಲಿಗೆ ನೀರು ಸುರಿದು ನಾರಿನ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜುತ್ತಾರೆ. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಪಟಪಟ ಬಡಿಯುತ್ತಾರೆ. ಕಾಗದ ಅಕ್ಷರದ ಗುಂಡಿಗೆ ಇಳಿದು ಕೂರುತ್ತದೆ. ಅರೆ ಒಣಗಿದ ಮೇಲೆ ಮಸಿಯ ಕುಚ್ಚು ಒತ್ತುತ್ತಾ ಹೋದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದುಬರುತ್ತದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈಗ, 2021ರಿಂದ, ಬೆಂಗಳೂರಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಸುತ್ತಿದೆ. ಕಲ್ಲನ್ನು ಮುಟ್ಟದೆಯೇ ಅದರ ಒಂದೊಂದು ಗೀರನ್ನೂ ಕಂಪ್ಯೂಟರಿಗೆ ಇಳಿಸುತ್ತಾರೆ. ಕಣ್ಣಿಗೆ ಸವೆದು ಹೋದಂತಿದ್ದ ಅಕ್ಷರ ಪರದೆಯ ಮೇಲೆ ಮೂಡುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಕಲ್ಲು ನಾಳೆ ಇಲ್ಲವಾದರೂ ಪಾಠ ಉಳಿಯುತ್ತದೆ. ಜಾಗವನ್ನು ಉಳಿಸುವ ಕೆಲಸ ಮಾತ್ರ ಊರಿನವರದೇ.

ನನ್ನ ಪಾಲಿನ ಕೆಲಸ ಚಿಕ್ಕದು. ಶಾಸನ ಇರುವ ಕಡೆ ಹೋಗಿ, ಎರಡು ಕದಲದ ಗುರುತುಗಳಿಂದ ಟೇಪು ಹಿಡಿಯುತ್ತೇನೆ: ಗುಡಿಯ ಮೂಲೆ, ಹಳೇ ಬಾವಿಯ ಕಟ್ಟೆ, ಸಿಕ್ಕರೆ ಬಾಂದು ಕಲ್ಲು. ಸರ್ವೆ ನಂಬರು ಹಾಕಿ, ನಕ್ಷೆ ಬರೆದು, ಒಂದು ಪ್ರತಿ ಪೂಜಾರಿಗೆ, ಒಂದು ಶಾಲೆಯ ಹೆಡ್‌ಮಾಸ್ಟರಿಗೆ, ಒಂದು ಕಲ್ಲಿನ ಎದುರು ಮನೆಯವರಿಗೆ ಕೊಡುತ್ತೇನೆ. ಎದುರು ಮನೆಯವರು ಬಹಳ ಮುಖ್ಯ. ಜೆಸಿಬಿ ಬಂದಾಗ ಮೊದಲು ಅಡ್ಡ ನಿಲ್ಲಬೇಕಾದವರು ಅವರೇ.

ಹೋದ ಕಾರ್ತಿಕದಲ್ಲಿ ಹಾಗೆ ಒಂದು ಊರಲ್ಲಿ, ವಿಜಯನಗರದ ಕಾಲದ ಒಂದು ಕಲ್ಲಿನ ಹತ್ತಿರ ಅಳೆಯುತ್ತಿದ್ದೆ. ಎದುರು ಮನೆಯ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದವರು, "ಏನಪ್ಪ, ಅದರಲ್ಲಿ ನಮ್ಮೂರಿನ ಹೆಸರು ಐತಾ?" ಎಂದು ಕೇಳಿದರು. "ಐತೆ ಕಣವ್ವ, ಎರಡನೇ ಸಾಲಲ್ಲಿ" ಅಂದೆ. ಸೆರಗಿನಲ್ಲಿದ್ದ ಕಾಯನ್ನು ಮೊರಕ್ಕೆ ಸುರಿದು ಎದ್ದು ಬಂದರು. ಮೊಮ್ಮಗನನ್ನು ಕೂಗಿದರು. ಆರನೇ ಕ್ಲಾಸಿನ ಹುಡುಗ. ಟೇಪಿನ ತುದಿ ಅವನ ಕೈಗೆ ಕೊಟ್ಟೆ. ಅಳತೆ ಮುಗಿದ ಮೇಲೆ ಬೆರಳಿಟ್ಟು ಓದಲು ಹೇಳಿದೆ. ಆ ಕಾಲದ ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ತಡವರಿಸುತ್ತಾ ಊರಿನ ಹೆಸರು ಕೂಡಿಸಿಕೊಂಡ. ಅಜ್ಜಿ ಕಲ್ಲಿನ ಆ ಜಾಗವನ್ನು ಅಂಗೈಯಲ್ಲಿ ಸವರಿ ಕಣ್ಣಿಗೊತ್ತಿಕೊಂಡರು. ಹುಡುಗ ಮುಂದಿನ ಸಾಲಿಗೆ ಇಳಿದಿದ್ದ. "ಕೆ" ಎಂದು ಓದಿ ನಿಂತ.

"ತಾತ, ಇದು ಯಾವ ಅಕ್ಷರ? ನಮ್ಮ ಪುಸ್ತಕದಲ್ಲಿ ಇಲ್ಲ."

"ಅದು ಹಳೇ ಱ ಕಣಪ್ಪ. ಈಗ ನಾವು ಬರೆಯೋದಿಲ್ಲ. ರ ಅಂತಲೇ ಓದು."

"ಕೆ... ರೆ. ಕೆರೆ!" ಎಂದು ಹುಡುಗ ಓದಿದ. "ಯಾವ ಕೆರೆ ಅಜ್ಜಿ?"

ಅಜ್ಜಿ ಬಾಡಿಗೆ ಮನೆಗಳ ಸಾಲಿನ ಆಚೆಗೆ, ಹೊಸದಾಗಿ ಎದ್ದಿದ್ದ ನೀರಿನ ಟ್ಯಾಂಕಿನ ಎಡಕ್ಕೆ ಕೈ ತೋರಿಸಿ, ತಾನು ಮದುವೆಯಾಗಿ ಬಂದಾಗ ಕೋಡಿ ಎಲ್ಲಿ ಬೀಳುತ್ತಿತ್ತು ಎಂದು ಹೇಳತೊಡಗಿದರು. ನಾನು ಪುಸ್ತಕ ತೆರೆದು ಹೊಸ ಹಾಳೆಯ ಮೇಲೆ ಗುರುತು ಮಾಡಿಕೊಳ್ಳುತ್ತಾ ಹೋದೆ.